ಅಕ್ಕನ ಜೋಡಿ ನೆಲ್ಲಿ

ಹೇಳಬೇಕಾಗಿದ್ದ ಒಂದು ಮಾತನ್ನು ನಾನು ಮೂರೂವರೆ ವರ್ಷ ಹೇಳಲಿಲ್ಲ. ಭಾರಿ ಮಾತೇನೂ ಅಲ್ಲ, ಒಂದೇ ಉಸಿರಿಗೆ ಮುಗಿಯುವಂಥದ್ದು. ಅಕ್ಕನ ಎದುರು ನಿಂತು “ನಾನೇ ಕಣಕ್ಕ” ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಅವಳು ತನ್ನದಲ್ಲದ ತಪ್ಪನ್ನು ತನ್ನದೇ ಎಂದುಕೊಂಡು, ತಿಂಗಳಿಗೊಂದು ಉಪವಾಸ ಮಾಡಿಕೊಂಡು, ಬಾಯಿಗೆ ಬಲು ಇಷ್ಟವಾದದ್ದನ್ನು ಬಿಟ್ಟು ಬದುಕಿದಳು. ನಾನು ಅದೇ ಮನೆಯಲ್ಲಿ ಅವಳು ಬಡಿಸಿದ್ದನ್ನು ಉಂಡುಕೊಂಡು ಓಡಾಡಿದೆ.

ಅಕ್ಕ ತೀರಿಕೊಂಡು ಹೋದ ತಿಂಗಳಿಗೆ ವರ್ಷ ತುಂಬಿತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಸೊಸೈಟಿಯ ಕಾಗದಕ್ಕೆ ರುಜು ಹಾಕುವುದು, ಬೀಗರಿಗೆ ಕಾರ್ಡು ಬರೆಯುವುದು ಬಿಟ್ಟರೆ ಬರೆದು ಅಭ್ಯಾಸವಿಲ್ಲ. ಆದರೂ ಅವಳು ಹೀಗಿದ್ದಳು ಅಂತ ಬರೆದಿಡಬೇಕು ಅನ್ನಿಸಿದೆ. ಹೆಸರು ಬರೆಯುವುದಿಲ್ಲ. ಆ ಹೆಸರು ಹಿಡಿದು ಅವಳನ್ನು ಯಾರೂ ಕರೆದದ್ದಿಲ್ಲ. ನನಗೆ ಅಕ್ಕ, ಊರಿಗೆಲ್ಲ ಅಕ್ಕಯ್ಯ, ಅಷ್ಟೆ.

ಹುಣಸೂರಿನಿಂದ ವೀರನಹೊಸಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಊರು ದಾಟಿ ಎರಡು ಮೈಲಿ ನಡೆದರೆ ಕಾಡು. ಅಕ್ಕ ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಅವಳನ್ನು ಕೋಟೆ ಸೀಮೆಗೆ ಕೊಟ್ಟಿದ್ದರು. ಮದುವೆಯಾಗಿ ಎರಡನೆಯ ವರ್ಷಕ್ಕೇ ಭಾವ ಜ್ವರ ಬಂದು ತೀರಿಕೊಂಡರು. ಅಪ್ಪ ಹೋಗಿ ಕರೆದುಕೊಂಡು ಬಂದರು. ಬರುವಾಗ ಹ್ಯಾಂಡ್‌ಪೋಸ್ಟ್ ಅನ್ನುವ ಕೂಡುರಸ್ತೆಯಲ್ಲಿ ಬಸ್ಸಿಗೆ ಕಾದು ಕೂತಿದ್ದರಂತೆ. ಹಿಂದಿನ ದಿನದಿಂದ ಅಕ್ಕ ಏನೂ ತಿಂದಿರಲಿಲ್ಲ. ಅಲ್ಲಿ ನೆಲ್ಲಿಕಾಯಿ ಗುಡ್ಡೆ ಹಾಕಿಕೊಂಡು ಕೂತಿದ್ದ ಒಬ್ಬ ಮುದುಕಿ, ಕೇಳದೆಯೇ ಒಂದು ಬೊಗಸೆ ಕಾಯಿ ತಂದು ಅವಳ ಮಡಿಲಿಗೆ ಹಾಕಿದಳಂತೆ. ಬಸ್ಸು ಹುಣಸೂರು ಮುಟ್ಟುವ ಹೊತ್ತಿಗೆ ಅಕ್ಕ ಅಷ್ಟನ್ನೂ ತಿಂದು ಮುಗಿಸಿದ್ದಳು. ಬೀಜ ಮಾತ್ರ ಒಂದನ್ನೂ ಎಸೆಯದೆ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದಳು.

“ಆ ಮುದುಕಿ ಯಾರು ಏನು ಅಂತ ನೀನು ಕೇಳ್ಲೇ ಇಲ್ವಾ?” ಅಂತ ನಾನು ಎಷ್ಟೋ ವರ್ಷದ ಮೇಲೆ ಕೇಳಿದೆ.

“ಬಾಯಿ ತುಂಬ ಕಾಯಿ ಇತ್ತು ಕಣ್ಲಾ, ಎಂಗ್ ಕೇಳ್ಲಿ?” ಅಂದಳು.

ನೆಲ್ಲಿ ಬೀಜ ಹಾಗೇ ಮಣ್ಣಿಗೆ ಹಾಕಿದರೆ ಹುಟ್ಟುವುದಿಲ್ಲ. ಅದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಗಂಟು ಬಿಚ್ಚಿ ಬೀಜವನ್ನು ಮೊರಕ್ಕೆ ಹಾಕಿ, ಏನು ಮಾಡುವುದೆಂದು ತೋಚದೆ, ಮಾಡಿನ ಮೇಲೆ ಇಟ್ಟು ಮರೆತಳು. ಬಿಸಿಲಿಗೆ ಒಣಗಿ ಒಣಗಿ ಒಂದು ಮಧ್ಯಾಹ್ನ ಅವು ಪಟ್ ಪಟ್ ಅಂತ ಸಿಡಿಯತೊಡಗಿದವು. ಗೋಲಿಯಂಥ ಗಟ್ಟಿ ಚಿಪ್ಪು ಬಿರಿದು, ಒಳಗಿನಿಂದ ಎಳ್ಳಿಗಿಂತ ತುಸು ದೊಡ್ಡ ಕಂದು ಬೀಜ ಉದುರಿದವು. ಅಕ್ಕ ಮೊರದ ಮುಂದೆ ಕೂತು ನಗತೊಡಗಿದಳು. ಅವಳು ಬಂದು ಮೂರು ತಿಂಗಳಾಗಿತ್ತು, ನಕ್ಕದ್ದು ಅವತ್ತೇ ಮೊದಲು. ಅವ್ವ ಒಳಗಿನಿಂದ ಓಡಿ ಬಂದು ಮಗಳಿಗೆ ಏನಾಯಿತೋ ಅಂತ ನಿಂತು ನೋಡಿದಳು.

ಆ ಬೀಜವನ್ನು ನೀರಲ್ಲಿ ನೆನೆಹಾಕಿ, ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ಒಡಕು ಮಡಕೆಯ ಮಣ್ಣಿಗೆ ಹಾಕಿದಳು. ಇಪ್ಪತ್ತು ದಿನಕ್ಕೆ ಹುಣಸೆ ಚಿಗುರಿನಂಥ ಎಲೆ ಬಂತು. ಆಡು ಕೆಲವನ್ನು ತಿಂದಿತು, ಬಿಸಿಲು ಕೆಲವನ್ನು. ಕೊನೆಗೆ ಉಳಿದದ್ದು ಎರಡು. ಮುಂಗಾರು ಬಿದ್ದ ಮೇಲೆ ಒಂದನ್ನು ಬಚ್ಚಲ ನೀರು ಹೋಗುವ ಕಡೆ, ಇನ್ನೊಂದನ್ನು ತಿಪ್ಪೆಯ ಪಕ್ಕ ನೆಟ್ಟಳು. ತಾಯಿಬೇರು ಮುರಿದರೆ ಗಿಡ ಕೈಬಿಡುತ್ತದೆ ಅಂತ ಮಡಕೆ ಒಡೆದು, ಮಣ್ಣಿನ ಹೆಂಟೆಯನ್ನು ಎರಡು ಕೈಯಲ್ಲೂ ಹಿಡಿದು, ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ಗುಂಡಿಗೆ ಇಳಿಸಿದಳು. ಸುತ್ತ ಕಾರೆಮುಳ್ಳು ಕಟ್ಟಿದಳು. ಎರಡು ವರ್ಷ ಬೇಸಿಗೆಯಲ್ಲಿ ಅಕ್ಕಿ ತೊಳೆದ ನೀರು. ಆಮೇಲೆ “ಇನ್ನು ನಿಮ್ಮ ಪಾಡು ನಿಮಗೆ” ಅಂತ ಬಿಟ್ಟುಬಿಟ್ಟಳು. ನೆಲ್ಲಿಗೆ ಅತಿ ಉಪಚಾರ ಮಾಡಬಾರದು, ಮೈಗಳ್ಳ ಆಗುತ್ತದೆ ಅನ್ನುವುದು ಅವಳ ವಾದ.

ಏಳನೆಯ ವರ್ಷಕ್ಕೆ ಬಚ್ಚಲ ನೆಲ್ಲಿ ಕಾಯಿ ಬಿಟ್ಟಿತು. ಬಿಟ್ಟಿತು ಅಂದರೆ ಹೇಗೆ, ಕೊಂಬೆಯ ಉದ್ದಕ್ಕೂ ಮಣಿ ಪೋಣಿಸಿದ ಹಾಗೆ. ತಿಪ್ಪೆ ನೆಲ್ಲಿ ಅದಕ್ಕಿಂತ ಎತ್ತರ ಬೆಳೆದಿತ್ತು, ಯುಗಾದಿ ಹೊತ್ತಿಗೆ ಮೈತುಂಬ ಹೂ ಬಿಡುತ್ತಿತ್ತು, ಜೇನ್ನೊಣ ಗುಂಯ್ ಅನ್ನುತ್ತಿದ್ದವು. ಕಾಯಿ ಮಾತ್ರ ವರ್ಷಕ್ಕೆ ಒಂದು ಹಿಡಿ ಆದರೆ ಹೆಚ್ಚು. ಅಕ್ಕ ಅದಕ್ಕೆ ಸೋಮಾರಿ ಅಂತ ಹೆಸರಿಟ್ಟಿದ್ದಳು.

“ಸುಮ್ನೆ ನೆರಳು ಮಾಡ್ಕಂಡ್ ನಿಂತೈತಲ್ಲಕ್ಕ, ತೆಗ್ದಾಕನಾ?” ಅಂತ ನಾನು ಒಂದೆರಡು ಸಲ ಕೇಳಿದ್ದೆ.

“ಇರ್ಲಿ ಬುಡು. ಮನೇಲಿ ಎಲ್ರೂ ದುಡೀಲೇಬೇಕಾ? ಒಬ್ರು ನಿಂತ್ಕಂಡ್ ನೋಡೋರೂ ಬೇಕು” ಅನ್ನುತ್ತಿದ್ದಳು. ಹಾಗನ್ನುವಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಡಗೈ ಮಡಿಸಿ, ಸೋಮಾರಿಯ ಕಾಂಡಕ್ಕೆ ಒರಗಿ ನಿಲ್ಲುತ್ತಿದ್ದಳು. ಅವಳು ಒರಗಿ ನಿಲ್ಲುತ್ತಿದ್ದದ್ದು ಯಾವಾಗಲೂ ಆ ಮರಕ್ಕೇ. ಕಾಯಿ ಬಿಡುವ ಮರಕ್ಕೆ ಒರಗಿದ್ದನ್ನು ನಾನು ಕಂಡಿಲ್ಲ.

ಅವಳ ಸೆರಗಿನ ಗಂಟಿನಲ್ಲಿ ಯಾವಾಗಲೂ ಎರಡು ಮೂರು ನೆಲ್ಲಿಕಾಯಿ ಇರುತ್ತಿತ್ತು. ಕಳೆ ಕೀಳಲು ಬಂದ ಹೆಂಗಸರಿಗೆ, ದಾರಿಯಲ್ಲಿ ಸಿಕ್ಕವರಿಗೆ ಒಂದೊಂದು. ಕೊಟ್ಟು ಮುಖ ನೋಡುತ್ತ ನಿಲ್ಲುವುದು ಅವಳಿಗೆ ಖುಷಿ. ಒಗರಿಗೆ ಮುಖ ಕಿವುಚಿದವರನ್ನು ಕಂಡರೆ ಅವಳಿಗೆ ನಂಬಿಕೆ, ಕಿವುಚದವರನ್ನು ಕಂಡರೆ ಅನುಮಾನ. “ಇವ್ನು ಏನೋ ಮುಚ್ಚಿಡ್ತಾನೆ ಕಣ್ಲಾ” ಅನ್ನುತ್ತಿದ್ದಳು. ಭಾನುವಾರ ನೆಲ್ಲಿಕಾಯಿ ತಿನ್ನಬಾರದು ಅಂತ ನಮ್ಮಲ್ಲಿ ಇದೆ. ಅಕ್ಕ ಭಾನುವಾರ ಎದ್ದವಳೇ ಮೊದಲು ಆಕಾಶ ನೋಡುತ್ತಿದ್ದಳು. ಮೋಡ ಮುಚ್ಚಿದ್ದರೆ, “ಸೂರಪ್ಪ ಎದ್ದೇ ಇಲ್ಲ, ಇನ್ನು ಭಾನುವಾರ ಎಲ್ಲಿಂದ ಬಂತು?” ಅಂತ ಒಂದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಉಪ್ಪು ನೀರಿನಲ್ಲಿ ಹಸಿಮೆಣಸಿನಕಾಯಿ ಜೊತೆ ನೆಲ್ಲಿಕಾಯಿ ಹಾಕಿದ ಜಾಡಿಯೊಂದು ಅಡುಗೆಮನೆ ಮೂಲೆಯಲ್ಲಿ ವರ್ಷ ಪೂರ್ತಿ ಇರುತ್ತಿತ್ತು. ಉಪ್ಪು ಎಷ್ಟು ಹಾಕಬೇಕು ಅಂತ ನನ್ನ ಹೆಂಡತಿ ಕೇಳಿದರೆ, “ನೀರು ನಾಲಿಗೆಗೆ ಮುಟ್ಟಿಸಿದ್ರೆ ಉಬ್ಬು ಮೇಲಕ್ಕೆ ಏಳ್ಬೇಕು ಕಣವ್ವ” ಅಂತ ಹೇಳಿ, ತನ್ನ ಹುಬ್ಬು ಏರಿಸಿ ತೋರಿಸುತ್ತಿದ್ದಳು. ರಾಗಿಮುದ್ದೆ, ಬಸ್ಸಾರು, ಒಂದು ಉಪ್ಪು ನೆಲ್ಲಿಕಾಯಿ ಸಿಕ್ಕಿದರೆ ಅವಳಿಗೆ ಬೇರೆ ಊಟ ಬೇಕಿರಲಿಲ್ಲ.

ಆದರೆ ಆ ಮರ ಅವಳಿಗೆ ಏನಾಗಿತ್ತು ಅನ್ನುವುದು ತಿಳಿಯಬೇಕಾದರೆ ತುಳಸಿ ಹಬ್ಬದ ಬೆಳಿಗ್ಗೆ ನಮ್ಮ ಹಿತ್ತಲಿನ ಬೇಲಿ ನೋಡಬೇಕಿತ್ತು. ದೀಪಾವಳಿ ಕಳೆದು ಹನ್ನೆರಡನೆಯ ದಿನಕ್ಕೆ ತುಳಸಿಗೆ ಮದುವೆ. ಕಟ್ಟೆಯಲ್ಲಿ ತುಳಸಿಯ ಪಕ್ಕಕ್ಕೆ ಕಾಯಿ ಇರುವ ನೆಲ್ಲಿ ಕೊಂಬೆ ನೆಡಬೇಕು, ಅದೇ ಮದುವೆಗಂಡು. ನಮ್ಮೂರಲ್ಲಿ ತುಳಸಿ ಕಟ್ಟೆಯ ಮನೆಗಳು ಹದಿನೆಂಟೋ ಇಪ್ಪತ್ತೋ. ಅಷ್ಟಕ್ಕೂ ಕೊಂಬೆ ನಮ್ಮ ಬಚ್ಚಲ ನೆಲ್ಲಿಯದು. ಗಂಡ ಸತ್ತವಳ ಕೈಯಿಂದ ಮದುವೆಯ ಸಾಮಾನು ಇಸಿದುಕೊಳ್ಳಲು ಹೆಂಗಸರಿಗೆ ಮುಜುಗರ. ಅದು ಅಕ್ಕನಿಗೆ ಯಾರೂ ಹೇಳದೆ ಗೊತ್ತಿತ್ತು. ಅದಕ್ಕೆ ಅವಳೇ ಒಂದು ದಾರಿ ಮಾಡಿಕೊಂಡಿದ್ದಳು. ಕೊಂಬೆಗಳನ್ನು ಕುಯ್ದು, ಕಾಯಿ ಉದುರದಂತೆ ಬಾಳೆನಾರು ಸುತ್ತಿ, ಬೇಲಿಗೆ ಹೊರಗಡೆಯಿಂದ ಸಾಲಾಗಿ ಒರಗಿಸಿಟ್ಟು ಒಳಗೆ ಬಂದುಬಿಡುತ್ತಿದ್ದಳು. ಬಂದವರು ತಮಗೆ ಬೇಕಾದ್ದನ್ನು ತೆಗೆದುಕೊಂಡು ಹೋಗುತ್ತಿದ್ದರು. ಕೈಯಿಂದ ಕೈಗೆ ಏನೂ ದಾಟಲಿಲ್ಲ, ಯಾರಿಗೂ ಮುಜುಗರವಿಲ್ಲ. ಆದರೆ ಬಾಯಿಗೆ ಬೇಲಿ ಇರಲಿಲ್ಲವಲ್ಲ.

ಪಕ್ಕದ ಮನೆಯ ಪುಟ್ಟತಾಯಮ್ಮ ಆಚೆಯಿಂದ ಕೂಗುತ್ತಿದ್ದಳು. “ಅಕ್ಕಯ್ಯ, ನಮ್ಮನೇಗೆ ಒಸಿ ಕಾಯಿ ಜಾಸ್ತಿ ಇರೋದು ಮಡಗಕ್ಕಿಲ್ವಾ?”

“ನಿಮ್ಮನೆ ತುಳಸಮ್ಮಂಗೆ ಒಬ್ಬ ಗಂಡು ಸಾಲ್ದೇನೆ?”

“ಗಂಡು ಒಬ್ನೇ ಕಣಕ್ಕಯ್ಯ, ಮೈಕೈ ತುಂಬ್ಕಂಡಿರ್ಲಿ ಅಂತ!”

“ನಿನ್ನ ಗಂಡನ್ನ ಆರಿಸ್ಕಳೋವಾಗ ಎಲ್ಲೋಗಿತ್ತೇ ಈ ಬುದ್ಧಿ?”

ಬೇಲಿಯ ಆಚೆ ಏಳೆಂಟು ಹೆಂಗಸರು ಒಟ್ಟಿಗೆ ನಗುತ್ತಿದ್ದರು. ಪುಟ್ಟತಾಯಮ್ಮನ ಗಂಡ ಕಡ್ಡಿಯಂಥ ಆಳು. ಊರಿನ ಯಾವ ಮದುವೆಯ ಚಪ್ಪರದೊಳಗೂ ಕಾಲಿಡದ ಅಕ್ಕ, ಅವತ್ತು ಊರಿನ ಎಲ್ಲ ಮದುವೆಗಳಿಗೂ ಗಂಡಿನ ಕಡೆಯವಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿತ್ತಲಲ್ಲಿ ನಿಂತು ಮನೆಮನೆಯ ಗಂಟೆಯ ಸದ್ದು ಕೇಳುತ್ತ, “ಇದು ಅವ್ರ ಮನೇದು, ಇದು ಇವ್ರ ಮನೇದು” ಅಂತ ಗುರುತು ಹಿಡಿಯುತ್ತಿದ್ದಳು.

ಈಗ ನಾನು ಮಾಡಿದ ಕೆಲಸಕ್ಕೆ ಬರುತ್ತೇನೆ.

ಅಷ್ಟು ಹೊತ್ತಿಗೆ ನಮ್ಮ ಕಡೆ ಹೊಗೆಸೊಪ್ಪು ಬಂದಿತ್ತು. ಹುಣಸೂರು, ಪಿರಿಯಾಪಟ್ಟಣದ ಸುತ್ತ ಊರಿಗೆ ನಾಲ್ಕು ಬ್ಯಾರನ್ ಎದ್ದವು. ಬ್ಯಾರನ್ ಅಂದರೆ ಕಿಟಕಿಯಿಲ್ಲದ ಎತ್ತರದ ಮಣ್ಣಿನ ಮನೆ. ಒಳಗೆ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ನೇತು ಹಾಕುವುದು, ಹೊರಗಿನ ಒಲೆಯಿಂದ ಕೊಳವೆಯಲ್ಲಿ ಶಾಖ ಬಿಡುವುದು. ಐದಾರು ದಿನ ಒಲೆ ಆರಬಾರದು, ಶಾಖ ಹೆಚ್ಚುಕಡಿಮೆ ಆಗಬಾರದು. ನಡುವೆ ಒಲೆ ಆರಿತೋ, ಹಳದಿಯಾಗಬೇಕಾದ ಸೊಪ್ಪು ಕಪ್ಪಾಗಿ ತಿಪ್ಪೆ ಸೇರುತ್ತದೆ. ಅಪ್ಪ ಅವ್ವ ಇಬ್ಬರೂ ತೀರಿಕೊಂಡಿದ್ದರು, ಮನೆಯ ಯಜಮಾನಿಕೆ ನನ್ನದಾಗಿತ್ತು. ನಾನೂ ಒಂದು ಬ್ಯಾರನ್ ಕಟ್ಟಿಸಿದೆ. ಅದು ನನ್ನ ಮೊದಲನೆಯ ವರ್ಷ. ಊರಿನವರೆಲ್ಲ ನನ್ನ ಒಲೆಯ ಕಡೆಗೇ ನೋಡುತ್ತಿದ್ದಾರೆ ಅನ್ನುವ ಜಂಬ, ಹೆದರಿಕೆ ಎರಡೂ ಇತ್ತು.

ಶ್ರಾವಣ. ಅಕ್ಕ ಮನೆಯಲ್ಲಿರಲಿಲ್ಲ. ಕೆ.ಆರ್. ನಗರದಲ್ಲಿದ್ದ ನಮ್ಮ ತಂಗಿಯ ಬಾಣಂತನಕ್ಕೆ ಹೋಗಿದ್ದಳು. ಒಲೆ ಹಚ್ಚಿದ ಮೂರನೆಯ ದಿನ ಮಳೆ ಹಿಡಿದದ್ದು ಬಿಡಲಿಲ್ಲ. ಹೊರಗೆ ಪೇರಿಸಿದ್ದ ಸೌದೆಯೆಲ್ಲ ತೊಯ್ದು ತೊಪ್ಪೆಯಾಯಿತು. ಬರಬೇಕಾಗಿದ್ದ ಸೌದೆ ಗಾಡಿ ಹಳ್ಳದ ಆಚೆಯೇ ನಿಂತಿತು. ಮನೆಯಲ್ಲಿದ್ದ ಮುರುಕು ಮಂಚ, ನೇಗಿಲಿನ ಹಳೇ ಈಸು, ಎಲ್ಲ ಒಲೆಗೆ ಹೋಯಿತು. ಐದನೆಯ ದಿನ ಬೆಳಿಗ್ಗೆ ಥರ್ಮಾಮೀಟರ್ ಇಳಿಯುತ್ತಿತ್ತು. ನಾನು ಹಿತ್ತಲಿಗೆ ಬಂದು ನಿಂತೆ. ಸೋಮಾರಿ ಕಣ್ಣಿಗೆ ಬಿತ್ತು.

“ಬ್ಯಾಡ ಕಣ್ರೀ, ಅತ್ಗೆ ಬಂದ್ರೆ ಏನಂತೀರಾ?” ಅಂತ ನನ್ನ ಹೆಂಡತಿ ಬಾಗಿಲಲ್ಲೇ ನಿಂತು ಹೇಳಿದಳು.

“ಕಾಯಿ ಬುಡ್ದಿರೋ ಮರ. ಬಂದಾಗ ನೋಡ್ಕಳನ ಬುಡು” ಅಂದೆ.

ಮಧ್ಯಾಹ್ನದೊಳಗೆ ಮರ ನೆಲಕ್ಕೆ ಬಿತ್ತು. ಹಸಿ ಮರ. ಒಲೆಗೆ ಹಾಕಿದರೆ ಉರಿಯಲಿಲ್ಲ, ತುದಿಯಲ್ಲಿ ನೊರೆ ಉಗುಳಿಕೊಂಡು ಸುಯ್ ಅನ್ನುತ್ತಿತ್ತು. ಬರೀ ಹೊಗೆ. ಸಂಜೆಗೆ ಒಲೆ ಆರಿತು, ಸೊಪ್ಪು ಕಪ್ಪಾಯಿತು. ಮರವೂ ಹೋಯಿತು, ಬ್ಯಾರನ್ನಿನಲ್ಲಿದ್ದ ಸೊಪ್ಪೂ ಹೋಯಿತು. ಇಷ್ಟು ಸಾಲದು ಅಂತ, ಮಳೆ ನಿಂತ ಮೇಲೆ ಎತ್ತು ಕಟ್ಟಿ ಬುಡ ಕಿತ್ತೆ, ಗುಂಡಿ ಮುಚ್ಚಿ ಮೇಲೆ ಗೊಬ್ಬರ ಹರಡಿದೆ.

ಸುಳ್ಳು ಹೇಳಬೇಕು ಅಂತ ಕೂತು ಯೋಚಿಸಿದ್ದಲ್ಲ. ಅದೇ ವಾರ ಕಾಡಿನಿಂದ ಒಂದು ಆನೆ ಬಂದು ಪುಟ್ಟತಾಯಮ್ಮನವರ ಜೋಳದ ಹೊಲ ತುಳಿದು ಹೋಗಿತ್ತು. ಅಕ್ಕ ಬಸ್ಸಿಳಿದು ಬಂದು, ಗಂಟು ಇನ್ನೂ ಕಂಕುಳಲ್ಲಿ ಇರುವಾಗಲೇ ಹಿತ್ತಲಿಗೆ ಹೋಗಿ, “ಲೇ, ಸೋಮಾರಿ ಎಲ್ಲೋ?” ಅಂತ ಕೂಗಿದಳು. ನನ್ನ ಬಾಯಿಂದ ತಾನಾಗಿ ಬಂತು. “ಆನೆ ಮುರೀತು ಕಣಕ್ಕ.”

ಅವಳು ಗಂಟನ್ನು ಕೆಳಗೆ ಹಾಕಿದಳು. ಕಾಡಿನ ಕಡೆ ತಿರುಗಿ ಕೈಯೆತ್ತಿ ಬೈದಳು ನೋಡಿ! “ಎಲಾ ಗುಡಾಣ ಹೊಟ್ಟೆಯವ್ನೆ, ಅಷ್ಟು ದೊಡ್ಡ ಕಾಡು ಬುಟ್ಟು ನನ್ನ ಹಿತ್ಲೇ ಬೇಕಾಯ್ತಾ ನಿಂಗೆ? ಈ ಹಿತ್ಲಲ್ಲಿ ಇನ್ನೊಂದು ಕಾಯಿ ನಿನ್ನ ಬಾಯಿಗೆ ಸಿಗ್ದಂಗೆ ಹೋಗ!” ಮಾತು ಮುಗಿಯುತ್ತಲೇ ನಾಲಿಗೆ ಕಚ್ಚಿಕೊಂಡಳು. ಆನೆ ಅಂದರೆ ಗಣಪ್ಪ. “ತಪ್ಪಾಯ್ತು ನಮ್ಮಪ್ಪ, ಹೊಟ್ಟೆ ಉರಿಗೆ ಅಂದೆ” ಅಂತ ಎರಡು ಕೆನ್ನೆಗೂ ಬಡಿದುಕೊಂಡಳು. ಬಾಗಿಲ ಮರೆಯಲ್ಲಿದ್ದ ನನ್ನ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ನಾನು ಗಂಟು ಎತ್ತಿಕೊಂಡು ಒಳಗೆ ಹೋದೆ.

ಅಲ್ಲಿಗೇ ಮುಗಿದಿದ್ದರೆ ಮುಗಿಯುತ್ತಿತ್ತು. ಆ ವರ್ಷದ ಕಾಯಿ ಬಚ್ಚಲ ನೆಲ್ಲಿಯಲ್ಲಿ ಮೊದಲೇ ಕಚ್ಚಿತ್ತು, ಹಬ್ಬಕ್ಕೆ ಎಂದಿನಂತೆ ಕೊಂಬೆ ಹೋದವು. ಅಕ್ಕ ಆನೆಯ ಕತೆಯನ್ನು ಊರಿಗೆಲ್ಲ ಹೇಳಿದಳು. ಹೇಳಿದಷ್ಟೂ ಆನೆ ದೊಡ್ಡದಾಯಿತು. ಕೊನೆಕೊನೆಗೆ ಅದಕ್ಕೆ ಒಂದೇ ದಂತ ಇತ್ತು.

ಮುಂದಿನ ವರ್ಷ ಬಚ್ಚಲ ನೆಲ್ಲಿ ಹೂ ಬಿಟ್ಟಿತು, ಉದುರಿತು, ಕಾಯಿ ಕಚ್ಚಲಿಲ್ಲ. ಹಬ್ಬಕ್ಕೆ ಅಕ್ಕ ಸೊಪ್ಪಿನ ಕೊಂಬೆಯನ್ನೇ ಬೇಲಿಗೆ ಒರಗಿಸಿದಳು. ಪುಟ್ಟತಾಯಮ್ಮ “ಬರೀ ಸೊಪ್ಪೇ ಐತಲ್ಲ ಅಕ್ಕಯ್ಯ” ಅಂದಳು, ಆದರೂ ಒಂದು ತೆಗೆದುಕೊಂಡು ಹೋದಳು. ಮಿಕ್ಕವರೂ ಒಂದೊಂದು ಒಯ್ದರು. ಅವತ್ತು ಸಂಜೆ ಅಕ್ಕ ಹಿತ್ತಲಲ್ಲಿ ನಿಂತು ಗಂಟೆ ಕೇಳಲಿಲ್ಲ. ಊಟಕ್ಕೆ ಕೂತಾಗ ಹೇಳಿದಳು. “ನಾನು ಕೇಳಿದ್ದೇ ಕೊಟ್ಟ ಕಣ್ಲಾ ಗಣಪ್ಪ. ಈ ಹಿತ್ಲಲ್ಲಿ ಇನ್ನೊಂದು ಕಾಯಿ ಸಿಗ್ದಂಗೆ ಹೋಗ ಅಂದಿದ್ನಲ್ಲ? ಕಾಯೇ ಇಲ್ದಂಗೆ ಮಾಡ್ದ.”

ಆವತ್ತಿನಿಂದ ಸಂಕಷ್ಟಿಗೆ ಉಪವಾಸ ಹಿಡಿದಳು. ಕಾಯಿ ಬರುವ ತನಕ ನೆಲ್ಲಿಕಾಯಿ ಮುಟ್ಟುವುದಿಲ್ಲ ಅಂತ ಹರಕೆ ಮಾಡಿಕೊಂಡಳು. ಜಾಡಿಯಲ್ಲಿ ಹಳೆಯ ಉಪ್ಪು ನೆಲ್ಲಿಕಾಯಿ ಅರ್ಧ ಇತ್ತು. ನಮಗೆ ಬಡಿಸುತ್ತಿದ್ದಳು, ತಾನು ಹಾಕಿಕೊಳ್ಳುತ್ತಿರಲಿಲ್ಲ. ಮೋಡದ ಭಾನುವಾರ ಬಂದರೂ ಆಕಾಶ ನೋಡಲಿಲ್ಲ. ನಮ್ಮ ಹಿತ್ತಲಿಗೆ ಆನೆಯೇ ಬರಲಿಲ್ಲ ಅನ್ನುವುದು ಗೊತ್ತಿದ್ದವರು ನಾವಿಬ್ಬರೇ. “ನೀವೇ ಹೇಳಿ. ನಿಮ್ಮ ಬಾಯಿಂದ ಬಂದದ್ದು, ನಿಮ್ಮ ಬಾಯಿಂದಲೇ ಹೋಗ್ಬೇಕು. ನಾನಂತೂ ಹೇಳಕ್ಕಿಲ್ಲ” ಅಂತ ನನ್ನ ಹೆಂಡತಿ ಮೂರು ನಾಲ್ಕು ಸಲ ಚುಚ್ಚಿದಳು. ನಾಳೆ ಅಂದೆ. ಮುಂದಿನ ವರ್ಷ ಕಾಯಿ ಬಂದರೆ ತಾನಾಗಿ ಸರಿಹೋಗುತ್ತದೆ ಅಂದೆ.

ಮುಂದಿನ ವರ್ಷವೂ ಕಾಯಿ ಬರಲಿಲ್ಲ. ಊರಿನವರು ಹುಣಸೂರು ಸಂತೆಯಿಂದ ಕಾಯಿ ಇರುವ ಕೊಂಬೆ ತಂದುಕೊಂಡರು. ಅಕ್ಕ ಆದರೂ ಕೊಂಬೆ ಕುಯ್ದು ಬೇಲಿಗೆ ಒರಗಿಸಿದಳು. ಸಂಜೆಯವರೆಗೂ ಅವು ಹಾಗೇ ನಿಂತು ಬಾಡಿದವು. ಅವಳೇ ಹೋಗಿ ತಂದು ಆಡಿಗೆ ಹಾಕಿದಳು. ಮಾರನೆಯ ದಿನ ಅಂಗಡಿಯ ಹತ್ತಿರ ಯಾರೋ, “ಎಷ್ಟಾದ್ರೂ ಮುಂಡೆ ಕೈಗುಣ ಅಲ್ವಾ, ಇಷ್ಟು ದಿನ ಬಿಟ್ಟಿದ್ದೇ ಹೆಚ್ಚು” ಅಂದದ್ದು ನನ್ನ ಕಿವಿಗೆ ಬಿತ್ತು. ನಾನು ಬೀಡಿ ಹಚ್ಚಿಕೊಂಡು ಬಂದುಬಿಟ್ಟೆ. ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆದಿದ್ದೇನೆ. ಅದರ ಮುಂದಿನ ವರ್ಷ ಅಕ್ಕ ಕೊಂಬೆ ಕುಯ್ಯಲೇ ಇಲ್ಲ.

ಆ ವರ್ಷ ಕಾರ್ತಿಕದಲ್ಲೇ ಬೊಮ್ಮಣ್ಣ ಬಂದ. ಕಾಡಂಚಿನ ಗಿರಿಜನರ ಹಾಡಿಯವನು, ಅಪ್ಪನ ಕಾಲದಿಂದ ನಮ್ಮ ಮನೆಗೆ ಜೇನು, ಕಾಡು ನೆಲ್ಲಿಕಾಯಿ ತಂದು ಕೊಟ್ಟು ರಾಗಿ ತೆಗೆದುಕೊಂಡು ಹೋಗುತ್ತಿದ್ದ. ಬಚ್ಚಲ ನೆಲ್ಲಿಯನ್ನು ಕೆಳಗಿನಿಂದ ಮೇಲಕ್ಕೆ ನೋಡಿದ. “ಇದರ ಜೋಡಿ ಎಲ್ಲಿ ಗೌಡ?”

“ಆನೆ ಮುರೀತು ಬೊಮ್ಮಣ್ಣ, ಆಗ್ಲೇ ಮೂರು ವರ್ಷ ಆಯ್ತು.”

ಅವನು ತಿಪ್ಪೆಯ ಕಡೆ ಹೋಗಿ ನೆಲವನ್ನು ಕಾಲಿನಿಂದ ಕೆದಕಿ ನೋಡಿದ. “ಆನೆ ಮುರಿದ್ರೆ ಮುರಿದಂಗೇ ಬುಟ್ಟು ಹೋಯ್ತದೆ. ಬೇರು ಕಿತ್ತು, ಗುಂಡಿ ಮುಚ್ಚಿ, ಮೇಲೆ ಗೊಬ್ಬರ ಹಾಕಿ ಹೋಗೋ ಆನೆ ನಮ್ಮ ಕಾಡಲ್ಲಿಲ್ಲ. ನಿಮ್ಮೂರಲ್ಲೇ ಇರ್ಬೇಕು” ಅಂದ. ನಗಲಿಲ್ಲ. ಅದಕ್ಕೇ ನನಗೆ ಮುಖ ಎತ್ತಲಾಗಲಿಲ್ಲ.

ಆಮೇಲೆ ಅವನೇ ಮೆಲ್ಲಗೆ ಹೇಳಿದ. ಕಾಡಿನಲ್ಲಿ ನೆಲ್ಲಿ ಒಂಟಿಯಾಗಿ ಇದ್ದರೆ ಕಾಯಿ ಬಿಡುವುದಿಲ್ಲ. ತನ್ನ ಹೂವಿಗೆ ತನ್ನ ಹೂವು ಆಗುವುದಿಲ್ಲ. ಇನ್ನೊಂದು ಮರದ ಹೂವಿನಲ್ಲಿ ಹೊರಳಾಡಿದ ಜೇನ್ನೊಣವೇ ಬರಬೇಕು. “ಕಾಯಿ ಕೊಡದ್ದು ಅಂತ ಕಡ್ದ್ಯಲ್ಲ, ಇದಕ್ಕೆ ಕಾಯಿ ಕೊಡ್ತಿದ್ದದ್ದೇ ಅದು” ಅಂದ.

ಇಷ್ಟು ತಿಳಿದ ಮೇಲೂ ಎರಡು ತಿಂಗಳು ಸುಮ್ಮನಿದ್ದೆ. ಮೊದಲು ಒಂದು ಮರ ಕಡಿದಿದ್ದೆ ಅಷ್ಟೆ. ಈಗ ಅವಳ ಹಬ್ಬ, ಅವಳ ಊಟ, ಅವಳ ಹೆಸರು ಎಲ್ಲವನ್ನೂ ಕಡಿದವನು ನಾನೇ ಅಂತ ಗೊತ್ತಾಗಿತ್ತು. ತಪ್ಪು ದೊಡ್ಡದಾದಷ್ಟೂ ಬಾಯಿ ಕಟ್ಟಿತು.

ಕೊನೆಗೆ ಹೇಗೆ ಹೇಳಿದೆ ಅನ್ನುವುದಕ್ಕಿಂತ ಮೊದಲು, ಹೇಳಿದ ಮೇಲೆ ಏನಾಯಿತು ಅನ್ನುವುದನ್ನು ಬರೆದುಬಿಡುತ್ತೇನೆ. ಅದು ಬರೆಯಲು ಸುಲಭ.

ಹೇಳಿದ ಮೇಲೆ ಅಕ್ಕ ನನ್ನ ಜೊತೆ ಮೂರು ದಿನ ಮಾತಾಡಲಿಲ್ಲ. ತಟ್ಟೆಗೆ ಬಡಿಸಿ, ತಟ್ಟೆಯನ್ನು ನೆಲದ ಮೇಲೆ ನನ್ನ ಕಡೆಗೆ ತಳ್ಳುತ್ತಿದ್ದಳು. ನಾಲ್ಕನೆಯ ದಿನ ಹಟ್ಟಿಯ ಬಾಗಿಲಲ್ಲಿ ನಿಂತು, “ಏ ಆನೆ, ಉಣ್ಣಕ್ ಬಾ” ಅಂತ ಕೂಗಿದಳು. ಅಲ್ಲಿಂದ ಸಾಯುವ ತನಕ ನಾನು ಅವಳಿಗೆ ಆನೆಯೇ. ನೆಂಟರ ಮುಂದೆ, ಬೀಗರ ಮುಂದೆ, ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಜನರ ನಡುವೆ, “ಏ ಆನೆ, ಈ ಕಡೆ!” ಯಾಕೆ ಹಾಗೆ ಕರೆಯುತ್ತಾಳೆ ಅಂತ ಯಾರಾದರೂ ಕೇಳಿದರೆ, “ಸಣ್ಣೋನಿದ್ದಾಗ ದಪ್ಪಗಿದ್ದ” ಅಂತ ಹೇಳುತ್ತಿದ್ದಳು. ನಾನು ಯಾವ ಕಾಲಕ್ಕೂ ದಪ್ಪಗಿರಲಿಲ್ಲ.

ಆ ವರ್ಷ ಹೂ ಬಿಡುವ ಕಾಲಕ್ಕೆ ಬೊಮ್ಮಣ್ಣ ಕಾಡಿನಿಂದ ಎರಡು ನೆಲ್ಲಿ ಸಸಿ ತಂದು ಕೊಟ್ಟ. ಅವು ಹೂ ಬಿಡಲು ಇನ್ನೂ ಐದಾರು ವರ್ಷ ಬೇಕು. ಅಲ್ಲಿಯವರೆಗೆ ಅವನೇ ಒಂದು ಉಪಾಯ ಹೇಳಿದ. ಕಾಡಿನ ನೆಲ್ಲಿಯ ಹೂ ಇರುವ ಕೊಂಬೆಗಳನ್ನು ನಸುಕಿನಲ್ಲೇ ಕುಯ್ದು ತರುವುದು, ನೀರು ತುಂಬಿದ ಕುಡಿಕೆಗಳಲ್ಲಿ ಇಟ್ಟು ಬಚ್ಚಲ ನೆಲ್ಲಿಯ ಕೊಂಬೆಗಳಿಗೆ ನೇತು ಹಾಕುವುದು. ಮಿಕ್ಕದ್ದು ಜೇನ್ನೊಣದ ಕೆಲಸ. ದಿನಾ ಎರಡು ಮೈಲಿ ನಡೆದು ಕೊಂಬೆ ತರುವ ಕೆಲಸ ನನ್ನದು. ಮೊದಲನೆಯ ದಿನ ಕುಡಿಕೆ ಕಟ್ಟಿ ಇಳಿದಾಗ ಅಕ್ಕ ಕೆಳಗೆ ನಿಂತು, “ಗಂಡಿನ ಕಡೆಯೋರು ಬಂದ್ರು, ಆರತಿ ತನ್ನಿ” ಅಂತ ಕೂಗಿದಳು. ಪುಟ್ಟತಾಯಮ್ಮ ಬೇಲಿಯಾಚೆಯಿಂದ, “ಗಂಡು ಗಡಿಗೇಲಿ ಕೂತಾವ್ನಲ್ಲ ಅಕ್ಕಯ್ಯ, ಸ್ನಾನ ಇನ್ನೂ ಆಗಿಲ್ವಾ?” ಅಂದಳು.

ಮಳೆಗಾಲ ಕಳೆಯುವ ಹೊತ್ತಿಗೆ ಕೊಂಬೆಗಳಲ್ಲಿ ಕಾಯಿ ಕಂಡವು. ಮೊದಲಿನಷ್ಟು ಅಲ್ಲ, ಅರ್ಧ. ಆದರೆ ಹದಿನೆಂಟು ಮನೆಗೆ ಸಾಕಾಯಿತು. ಹಬ್ಬದ ಬೆಳಿಗ್ಗೆ ಅಕ್ಕ ಕೊಂಬೆಗಳನ್ನು ಬೇಲಿಗೆ ಒರಗಿಸಿ ಒಳಗೆ ಬಂದಳು. ಪುಟ್ಟತಾಯಮ್ಮ ಬೇಲಿಯ ಹತ್ತಿರ ಬಂದವಳು ಕೊಂಬೆ ತೆಗೆದುಕೊಳ್ಳಲಿಲ್ಲ. ಗೇಟು ದಾಟಿ ಹಿತ್ತಲಿಗೇ ಬಂದಳು. “ಕೈಯಾರೆ ಕೊಡಕ್ಕಯ್ಯ” ಅಂತ ಸೆರಗೊಡ್ಡಿದಳು. ಅಕ್ಕ ಕೊಡಲೋ ಬೇಡವೋ ಅಂತ ಒಂದು ಗಳಿಗೆ ನಿಂತು, ಆಮೇಲೆ ಇದ್ದುದರಲ್ಲಿ ಹೆಚ್ಚು ಕಾಯಿಯ ಕೊಂಬೆ ಕೊಟ್ಟಳು. ಮುಂದಿನ ವರ್ಷ ಇನ್ನೂ ನಾಲ್ಕು ಜನ ಒಳಗೆ ಬಂದರು. ಎಲ್ಲರೂ ಬಂದರು ಅಂತ ಬರೆದರೆ ಸುಳ್ಳಾಗುತ್ತದೆ. ಹಿತ್ತಲಿನಲ್ಲಿ ಈಗ ಮೂರು ನೆಲ್ಲಿ ಇವೆ. ಮೂರೂ ಕಾಯಿ ಬಿಡುತ್ತವೆ.

ಇನ್ನು ಉಳಿದದ್ದು ಆ ದಿನ.

ಸಂಕ್ರಾಂತಿ ಕಳೆದು ವಾರವಾಗಿತ್ತು. ನೆಲ್ಲಿ ಎಲೆ ಉದುರಿಸಿಕೊಂಡು ಬೋಳಾಗಿ ನಿಂತಿತ್ತು. ನಾನು ಜಗುಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದೆ. ಅಕ್ಕ ಒಳಗಿನಿಂದ ಕೊಡಲಿ ಹಿಡಿದುಕೊಂಡು ಬಂದಳು.

“ಇವತ್ತು ನಿಂಗೆ ಬೇರೆ ಕೆಲ್ಸ ಇಲ್ವಲ್ಲ? ಬಾ. ಬಚ್ಚಲ ಮರ ಕಡ್ದಾಕ್ಬುಡು.”

“ಯಾಕಕ್ಕ?”

“ಇನ್ನೆಷ್ಟು ದಿನ ನೋಡ್ಲಿ ಹೇಳು. ಹೂ ಬುಡ್ತದೆ, ಉದುರಿಸ್ಕತದೆ. ನನ್ನ ಬಾಯಿ ಮಾತು ಅದರ ಮೇಲೆ ಕೂತೈತೆ. ಉಪಾಸ ಇದ್ರೂ ಇಳೀಲಿಲ್ಲ, ಹರಕೆ ಹೊತ್ರೂ ಇಳೀಲಿಲ್ಲ. ಬೆಳಿಗ್ಗೆ ಎದ್ದು ಬಚ್ಚಲಿಗೆ ಬಂದ್ರೆ ಅದರ ಮುಖ ನೋಡಕ್ಕಾಗಕ್ಕಿಲ್ಲ ಕಣ್ಲಾ ನಂಗೆ. ಈಗ್ಲೇ ಕಡ್ದು ಒಣಗಾಕಿದ್ರೆ ನಿನ್ನ ಬ್ಯಾರನ್‌ಗಾದ್ರೂ ಸೌದೆ ಆಯ್ತದೆ.”

ನಾನು ಅವಳ ಹಿಂದೆ ಹಿತ್ತಲಿಗೆ ಹೋದೆ. ಅವಳು ಮರದ ಹತ್ತಿರ ಹೋಗಿ ಕಾಂಡದ ಮೇಲೆ ಅಂಗೈ ಇಟ್ಟಳು. “ಏನೂ ತಿಳ್ಕಬೇಡವ್ವ, ನಿಂದೇನೂ ತಪ್ಪಿಲ್ಲ” ಅಂತ ಮರಕ್ಕೆ ಹೇಳಿದಳು. ಮತ್ತೆ ದೂರ ಸರಿದು ಬಾವಿಕಟ್ಟೆಯ ಕಡೆ ಮುಖ ತಿರುಗಿಸಿ ನಿಂತುಕೊಂಡಳು. “ಊಂ, ಹಾಕು” ಅಂದಳು.

ಕೊಡಲಿ ಎತ್ತಲಿಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಏಟಿನ ಸದ್ದು ಕೇಳದೆ ಅವಳು ತಿರುಗಿ ನೋಡಿದಳು. “ಯಾಕ್ಲಾ, ಏನಾಯ್ತು? ತಲೆ ಸುತ್ತು ಬಂತಾ?” ಅಂತ ಗಾಬರಿಯಿಂದ ನನ್ನ ಕಡೆ ಬಂದಳು. ಅವಳು ಹತ್ತಿರ ಬಂದು ನನ್ನ ಹಣೆ ಮುಟ್ಟಿದ ಮೇಲೆ ನನಗೆ ಬಾಯಿ ಬಂತು.

“ಅಕ್ಕ, ಆನೆ ಬರ್ಲೇ ಇಲ್ಲ. ಆ ಮರ ನಾನೇ ಕಡ್ದೆ, ಬ್ಯಾರನ್ ಒಲೆಗೆ. ಬುಡ ಕಿತ್ತು ಗುಂಡಿ ಮುಚ್ಚಿದ್ದೂ ನಾನೇ. ಜೋಡಿ ಇಲ್ದೆ ನೆಲ್ಲಿ ಕಾಯಕ್ಕಿಲ್ವಂತೆ. ಇದು ಕಾಯಿ ಬುಡ್ದೆ ಇರೋದು ನಿನ್ನ ಬಾಯಿಂದ ಅಲ್ಲ, ನನ್ನ ಕೈಯಿಂದ. ಅದು ಗೊತ್ತಾಗಿ ಎರಡು ತಿಂಗ್ಳಾಯ್ತು, ಆಗ್ಲೂ ಹೇಳ್ಲಿಲ್ಲ. ನೀನು ಉಪಾಸ ಇದ್ದಾಗ್ಲೆಲ್ಲ ನಾನು ಉಂಡಿವ್ನಿ. ಜನ ನಿನ್ನ ಅಂದಾಗ ಕೇಳ್ಕಂಡ್ ಸುಮ್ನೆ ಬಂದಿವ್ನಿ. ತಪ್ಪಾಯ್ತು ಕಣಕ್ಕ. ನಂದು ತಪ್ಪಾಯ್ತು.”